ಬಿಪಿ ಸರಿಯಿದ್ದರೂ ಏರಿಸುವುದೇಕೆ?

ಬೆನ್ನುಮೂಳೆ ಮುರಿದು ಐಸಿಯುನಲ್ಲಿರುವ ನಿಮ್ಮ ತಮ್ಮನ ಬಿಪಿ 105/65 ಇದೆ, ಆದರೂ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಯಾಕೆ, ಸೊಂಟಕ್ಕೆ ನಳಿಕೆ ಯಾಕೆ ಅಂತ ಕೇಳಿದ್ದೀರಿ.

ನಮಗೆ 105/65 ಸಾಕು, ಪೆಟ್ಟು ತಿಂದ ಮಿದುಳುಬಳ್ಳಿಗೆ (ಬೆನ್ನುಮೂಳೆಯೊಳಗೆ ಇಳಿಯುವ ನರಗಳ ಕಟ್ಟು) ಸಾಲದಿರಬಹುದು. ಅದು ಊದಿಕೊಂಡು ಸುತ್ತಲಿನ ಗಟ್ಟಿ ಪೊರೆಗೆ ಒತ್ತಿಕೊಳ್ಳುತ್ತದೆ, ರಕ್ತದ ಹರಿವನ್ನು ತಾನೇ ಹೊಂದಿಸಿಕೊಳ್ಳುವ ಶಕ್ತಿಯೂ ಕುಂದಿರುತ್ತದೆ. ಅಲ್ಲಿಗೆ ರಕ್ತ ತಳ್ಳುವ ಒತ್ತಡವೆಂದರೆ ಸರಾಸರಿ ಬಿಪಿಯಲ್ಲಿ ಆ ಪೊರೆಯ ಒಳಗಿನ ಒತ್ತಡ ಕಳೆದು ಉಳಿದದ್ದು. 105/65ರ ಸರಾಸರಿ ಸುಮಾರು 78 (ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿ). ಒಳಗಿನ ಒತ್ತಡ 20 ಅಂತಿಟ್ಟುಕೊಳ್ಳಿ, ಉಳಿಯುವುದು 58. ಔಷಧಿಯಿಂದ ಸರಾಸರಿ 88ಕ್ಕೇರಿದರೆ 68 ಸಿಗುತ್ತದೆ. 2013ರ ಅಮೆರಿಕದ ಮಾರ್ಗಸೂಚಿ ಈ ಸರಾಸರಿ ಬಿಪಿ ಮೊದಲ ವಾರ 85–90 ಇರಲಿ ಎಂದಿತ್ತು. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ವಲ್ಪ ಸಡಿಲ, ಕನಿಷ್ಠ 75–80, ಗರಿಷ್ಠ 90–95.

ನಳಿಕೆ ಈ ಲೆಕ್ಕದ ಇನ್ನೊಂದು ಬದಿಗೆ, ಅಂದರೆ ಒಳಗಿನ ಒತ್ತಡಕ್ಕೆ. ಮಿದುಳುಬಳ್ಳಿಯ ಸುತ್ತಲಿನ ದ್ರವದ ಒತ್ತಡ ಅಳೆಯಬಹುದು, ಬೇಕಾದರೆ ಸ್ವಲ್ಪ ದ್ರವ ಹೊರಬಿಡಬಹುದು. ಆದರೆ ಊತವೇ ದ್ರವದ ದಾರಿ ಮುಚ್ಚಿದ್ದರೆ ಸೊಂಟದಲ್ಲಿ ಕಾಣುವ ಅಂಕಿ ಪೆಟ್ಟು ಬಿದ್ದ ಜಾಗದ್ದಲ್ಲ. ಅದಕ್ಕೇ ಲಂಡನ್ನಿನ ಒಂದು ತಂಡ ಪೊರೆಯೊಳಗೆ, ಗಾಯದ ಜಾಗದಲ್ಲೇ ಸಣ್ಣ ಸೆನ್ಸರ್ ಇಟ್ಟು ಅಳೆಯುತ್ತಿದೆ. ನನಗೆ ಆ ದಾರಿಯೇ ಹೆಚ್ಚು ಸರಿ ಅನ್ನಿಸುತ್ತದೆ, ಆದರೆ ಅದು ಇನ್ನೂ ಎಲ್ಲೆಡೆಯ ರೂಢಿಯಾಗಿಲ್ಲ.

ದ್ರವ ತೆಗೆದರೆ ಕಾಲಿಗೆ ಬಲ ಬರುತ್ತದೆಂಬುದು ಸಾಬೀತಾಗಿಲ್ಲ. ಬಿಪಿ ಏರಿಸುವ ಔಷಧಿಯಿಂದ ಹೃದಯದ ಬಡಿತ ಏರುಪೇರಾಗುವುದುಂಟು. ನಾಳೆ ಡಾಕ್ಟರ್ ರೌಂಡ್ಸಿಗೆ ಬಂದಾಗ ಗುರಿ ಎಷ್ಟು, ಎಷ್ಟು ದಿನ ಅಂತ ಕೇಳಿ.