ಹೊಟ್ಟೆ ತುಂಬಿದ ಸ್ನೋಫ್ಲೇಕ್ ಈಲ್ ಬೇರೆ ಮೀನುಗಳ ತಂಟೆಗೆ ಹೋಗುವುದಿಲ್ಲವೇ?

ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕು, ಅದರಲ್ಲಿ ಎರಡು ಕ್ಲೌನ್, ಒಂದು ಟ್ಯಾಂಗ್, ನಾಲ್ಕು ಡ್ಯಾಮ್ಸೆಲ್ ಮೀನು. ಇವುಗಳ ನಡುವೆ ಹಾವಿನಂತೆ ಉದ್ದನೆಯ ಮೀನಾದ ಒಂದು ಸ್ನೋಫ್ಲೇಕ್ ಈಲ್ ಬಿಟ್ಟು ದಿನಾಲೂ ಹೊಟ್ಟೆ ತುಂಬ ತಿನ್ನಿಸಿದರೆ ಅದು ಉಳಿದವನ್ನು ಮುಟ್ಟುವುದಿಲ್ಲ ತಾನೇ ಎಂದು ನೀವು ಕೇಳಿದ್ದೀರಿ. ಎಂಟು ವರ್ಷಗಳ ಹಿಂದೆ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಡ್ಯಾಮ್ಸೆಲ್‌ಗಳನ್ನು ಬಿಟ್ಟರೆ, ಇವೇ ಮೀನುಗಳಿದ್ದವು ಮತ್ತು ನನ್ನ ತಲೆಯಲ್ಲಿ ಇದೇ ನಂಬಿಕೆಯಿತ್ತು.

ಈಲ್ ಅನ್ನು ನಾನು ಹುಬ್ಬಳ್ಳಿಯ ಒಂದು ಅಂಗಡಿಯಿಂದ ತಂದಿದ್ದೆ. ಆಗ ಅದು ಒಂದು ಅಡಿಗಿಂತ ತುಸು ಉದ್ದವಿತ್ತು. ಬಿಳಿ ಮೈಮೇಲೆ ಮಸಿ ಸಿಡಿದಂತೆ ಕಪ್ಪು ಮಚ್ಚೆಗಳು, ಅವುಗಳೊಳಗೆ ಹಳದಿ ಚುಕ್ಕೆಗಳು, ಮೂತಿಯ ತುದಿಯಲ್ಲಿ ಪುಟ್ಟ ಕೊಳವೆಗಳಂತೆ ಚಾಚಿಕೊಂಡ ಹಳದಿ ಮೂಗಿನ ಹೊಳ್ಳೆಗಳು. ಕಲ್ಲಿನ ಸಂದಿಯಿಂದ ತಲೆ ಹೊರಹಾಕಿ ಅದು ಬಾಯಿ ತೆರೆದು ಮುಚ್ಚುವುದನ್ನು ಕಂಡು ಮನೆಗೆ ಬಂದವರು ಹೆದರುತ್ತಿದ್ದರು. ಅದು ಉಸಿರಾಡುವ ಬಗೆ ಎಂದು ಪ್ರತಿಯೊಬ್ಬರಿಗೂ ಹೇಳುವುದು ನನ್ನ ಕೆಲಸವಾಗಿತ್ತು. ಅಂಗಡಿಯವರು "ದಿನಾ ಹೊಟ್ಟಿ ತುಂಬ ಹಾಕ್ರಿ, ಯಾರ ತಂಟೇಕೂ ಹೋಗೂದಿಲ್ಲ" ಎಂದಿದ್ದರು. ಹನ್ನೊಂದು ತಿಂಗಳು ಅವರ ಮಾತು ನಿಜವಾಗಿಯೇ ಕಂಡಿತು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅದು ತಪ್ಪು ಎಂದು ತಿಳಿಯಲು ನನಗೆ ಮೂರು ಮೀನುಗಳ ಜೀವ ಬೇಕಾಯಿತು.

ನಮ್ಮದು ಮೀನು, ಮಾಂಸ ಮುಟ್ಟದ ಮನೆ. ಟ್ಯಾಂಕು ಇಡಲು ಒಪ್ಪಿದ್ದ ಅವ್ವ ಒಂದೇ ಕರಾರು ಹಾಕಿದ್ದರು: "ನೀ ಮೀನ ಸಾಕು, ಬ್ಯಾಡ ಅನ್ನೂದಿಲ್ಲ. ಆದ್ರ ಅದರ ಕೂಳು ನನ್ನ ಅಡಗೀಮನ್ಯಾಗ ಬರಬಾರ್ದು." ಹಾಗಾಗಿ ಹುಬ್ಬಳ್ಳಿಯ ಮೀನು ಮಾರುಕಟ್ಟೆಗೆ ಕಾರವಾರದ ಕಡೆಯಿಂದ ಐಸಿನಲ್ಲಿ ಬರುವ ಸಿಗಡಿಯನ್ನು ವಾರಕ್ಕೊಮ್ಮೆ ತಂದು, ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಮಾಳಿಗೆಯ ಕೋಣೆಯಲ್ಲಿದ್ದ ಹಳೆಯ ಫ್ರಿಜ್‌ನಲ್ಲಿ ಇಡುತ್ತಿದ್ದೆ. ಸಂಜೆ ಒಂದು ಪೊಟ್ಟಣವನ್ನು ಪ್ಲಾಸ್ಟಿಕ್ ಬಟ್ಟಲಿಗೆ ಹಾಕಿ ಐಸು ಬಿಡಿಸಿಕೊಂಡು ಕೆಳಗೆ ಬರುತ್ತಿದ್ದೆ. ಬಟ್ಟಲಿನ ತಳದಲ್ಲಿ ಅರ್ಧ ಲೋಟದಷ್ಟು ಮಬ್ಬು ಗುಲಾಬಿ ಬಣ್ಣದ, ತುಸು ಲೋಳೆಯಾದ ನೀರು ಉಳಿದಿರುತ್ತಿತ್ತು. ಮಾಳಿಗೆಯಲ್ಲಿ ನಳವಿರಲಿಲ್ಲ. ಹಿತ್ತಲಿಗೆ ಹೋಗಿ ಚೆಲ್ಲೋಣವೆಂದರೆ ನಮ್ಮ ಹಳೆಯ ಮನೆಯಲ್ಲಿ ಹಿತ್ತಲಿನ ದಾರಿ ಅಡುಗೆಮನೆಯ ಮೂಲಕವೇ ಇದೆ. ಮುಂಬಾಗಿಲಿನಲ್ಲಿ ಚೆಲ್ಲುವ ಮಾತೇ ಇಲ್ಲ, ಅಲ್ಲಿ ರಂಗೋಲಿ. ಹೀಗಾಗಿ ಆ ನೀರನ್ನೂ ಸಿಗಡಿಯ ಜೊತೆಗೇ ಟ್ಯಾಂಕಿಗೆ ಸುರಿಯುತ್ತಿದ್ದೆ. ಸಮುದ್ರದ ಜೀವದ ರಸವೇ ತಾನೇ, ಮೀನುಗಳಿಗೆ ಪುಷ್ಟಿಯಾದೀತು ಎಂದೂ ಅಂದುಕೊಂಡಿದ್ದೆ.

ಈ ಈಲ್‌ನ ಕಣ್ಣು ಮಂದ, ಮೂಗು ಬಹಳ ಚುರುಕು. ಇಕ್ಕಳದಲ್ಲಿ ಹಿಡಿದ ಒಂದು ಒಣ ತುಂಡಿನಿಂದ ವಾಸನೆ ಒಂದು ಕಡೆಯಿಂದ ಮಾತ್ರ ಬರುತ್ತದೆ; ಅದರ ಜಾಡು ಹಿಡಿದು ಈಲ್ ನೇರವಾಗಿ ತುಂಡಿನ ಹತ್ತಿರ ಬರುತ್ತದೆ. ಐಸು ಕರಗಿದ ನೀರನ್ನು ಸುರಿದಾಗ ಪಂಪು ಅದನ್ನು ಅರ್ಧ ನಿಮಿಷದಲ್ಲಿ ಟ್ಯಾಂಕಿನ ಮೂಲೆಮೂಲೆಗೂ ಒಯ್ಯುತ್ತದೆ. ಆಗ ಎಲ್ಲಿ ಮೂಸಿದರೂ ಸಿಗಡಿಯೇ. ಆಹಾರ ಎಲ್ಲಿದೆ ಎಂದು ಹೇಳಬೇಕಾದ ಮೂಗು ಆಗ ಏನನ್ನೂ ಹೇಳಲಾರದು, ಆದ್ದರಿಂದ ಈಲ್ ಎದುರಿಗೆ ಅಲುಗಿದ್ದಕ್ಕೆ ಬಾಯಿ ಹಾಕುತ್ತದೆ. ಅದೇ ಹೊತ್ತಿಗೆ ಉಳಿದ ಮೀನುಗಳು ಸಿಗಡಿಯ ಚೂರುಗಳಿಗಾಗಿ ಅದರ ಮೂತಿಯ ಮುಂದೆಯೇ ಮುಗಿಬಿದ್ದಿರುತ್ತವೆ.

ಒಂದು ಸಂಜೆ ಹಾಗೆಯೇ ಆಯಿತು. ಹೆಣ್ಣು ಕ್ಲೌನ್ ಒಂದು ಚೂರು ಸಿಗಡಿಯನ್ನು ಕಚ್ಚಿಕೊಂಡು ತಿರುಗಿತು. ಬಿಳಿ ಎಳೆಯೊಂದು ಅದರ ತುಟಿಯಿಂದ ನೇತಾಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈಲ್ ಕಲ್ಲಿನಿಂದ ಹೊರಬಂದು ಅದರ ತಲೆಯನ್ನು ಹಿಡಿಯಿತು. ನಾನು ಇಕ್ಕಳ ತೆಗೆದುಕೊಳ್ಳುವಷ್ಟರಲ್ಲಿ ಮೀನಿನ ಅರ್ಧಭಾಗ ಒಳಗೆ ಹೋಗಿತ್ತು. ಸ್ನೋಫ್ಲೇಕ್ ಸೇರಿದಂತೆ ಮೊರೆ ಜಾತಿಯ ಈಲ್‌ಗಳಿಗೆ ಗಂಟಲಿನಲ್ಲಿ ಎರಡನೆಯ ಜೋಡಿ ದವಡೆಗಳಿವೆ. ಮುಂದಿನ ದವಡೆ ಹಿಡಿದ ತುತ್ತನ್ನು ಅವು ಮುಂದಕ್ಕೆ ಚಾಚಿ ಬಂದು ಕಚ್ಚಿ ಒಳಗೆ ಎಳೆದುಕೊಳ್ಳುತ್ತವೆ. ಇದನ್ನು ಸಂಶೋಧಕರಾದ ರೀಟಾ ಮೆಹ್ತಾ ಮತ್ತು ಪೀಟರ್ ವೈನ್‌ರೈಟ್ 2007ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ವಿವರಿಸಿದ್ದರು. ನಾನು ಅದನ್ನು ಓದಿದ್ದು ಕ್ಲೌನ್ ಹೋದ ಮೇಲೆ.

ಈಲ್‌ಗೆ ಆಹಾರ ಸಾಲುತ್ತಿಲ್ಲ, ಇನ್ನೂ ಹೆಚ್ಚು ಹಾಕಬೇಕು ಎಂದು ನಾನು ಲೆಕ್ಕ ಹಾಕಿದೆ. ಎರಡು ಪೊಟ್ಟಣ ಮಾಡಿದೆ, ಆದ್ದರಿಂದ ಸುರಿಯುವ ನೀರೂ ಎರಡರಷ್ಟಾಯಿತು. ಹದಿನೈದು ದಿನದೊಳಗೆ ಗಂಡು ಕ್ಲೌನ್ ಕಾಣೆಯಾಯಿತು. ಆಮೇಲೆ ಟ್ಯಾಂಗ್‌ನ ಬಾಲದ ಬುಡದಲ್ಲಿ ಅರ್ಧಚಂದ್ರದಂಥ ಗಾಯ ಕಂಡಿತು. ಬಳಲಿದ ಆ ಮೀನಿಗೆ ಬಿಳಿಚುಕ್ಕೆ ರೋಗ ಅಂಟಿಕೊಂಡಿತು. ಅದಕ್ಕೆ ಕೊಡುವ ತಾಮ್ರದ ಔಷಧಿ ಹುರುಪೆಯಿಲ್ಲದ ಈಲ್‌ನ ಮೈಗೆ ಅಪಾಯಕಾರಿ, ಮತ್ತು ನನ್ನ ಬಳಿ ಬೇರೆ ಟ್ಯಾಂಕು ಇರಲಿಲ್ಲ. ಒಂಬತ್ತನೆಯ ದಿನ ಟ್ಯಾಂಗ್ ಸತ್ತಿತು.

ನಿಜ ತಿಳಿದದ್ದು ನನ್ನ ಕೈಯಿಂದಲೇ. ಸುರಿದ ರಸವೆಲ್ಲ ಗೊಬ್ಬರವಾಗಿ ಗಾಜಿನ ಮೇಲೆ ಪಾಚಿ ದಪ್ಪಗೆ ಬೆಳೆದಿತ್ತು. ಒಂದು ಸಂಜೆ ಈಲ್‌ಗೆ ನಾಲ್ಕು ದೊಡ್ಡ ಸಿಗಡಿ ತಿನ್ನಿಸಿ, ಕೈಯನ್ನು ಬರೀ ಬಟ್ಟೆಗೆ ಒರೆಸಿಕೊಂಡು, ಒಂದು ತಾಸಿನ ನಂತರ ಪಾಚಿ ಕೆರೆಯಲು ಟ್ಯಾಂಕಿನೊಳಗೆ ಕೈಹಾಕಿದೆ. ಹೊಟ್ಟೆ ಉಬ್ಬಿ ಕಾಣುತ್ತಿದ್ದ ಈಲ್ ನಿಧಾನವಾಗಿ ಬಂದು, ಮಣಿಕಟ್ಟಿಗೆ ಮೂಗು ತಾಗಿಸಿ, ನನ್ನ ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಬಾಯಿಗೆ ತೆಗೆದುಕೊಂಡಿತು. ಏಡಿ, ಸಿಗಡಿಗಳ ಚಿಪ್ಪು ಅರೆಯುವ ಮೊಂಡು ಹಲ್ಲುಗಳಾದ್ದರಿಂದ ಬೆರಳು ಉಳಿಯಿತು. ಸಾಲಾಗಿ ತಗ್ಗು ಬಿದ್ದು ಒಂದೆಡೆ ಮಾತ್ರ ಚರ್ಮ ಹರಿಯಿತು. ಆಮೇಲೆ ಎರಡು ದಿನ ಈಲ್‌ಗೆ ತಿನ್ನಲು ಏನೂ ಹಾಕಲಿಲ್ಲ. ಮೂರನೆಯ ದಿನ ಸಾಬೂನಿನಿಂದ ಕೈ ತೊಳೆದು, ಸಾಬೂನಿನ ಅಂಶ ಉಳಿಯದಂತೆ ಮತ್ತೆ ಮತ್ತೆ ನೀರು ಹಾಕಿಕೊಂಡು, ಅದೇ ಜಾಗದಲ್ಲಿ ಅದೇ ಕೈ ಇಟ್ಟೆ. ಹಸಿದಿದ್ದ ಈಲ್ ಬಂದು ಮೂಸಿ ಕಲ್ಲಿನೊಳಗೆ ಮರಳಿತು. ಹೊಟ್ಟೆ ತುಂಬಿದ್ದಾಗ ಕಚ್ಚಿದ್ದು ಹಸಿದಿದ್ದಾಗ ಕಚ್ಚಲಿಲ್ಲ.

ಆದ್ದರಿಂದ "ಎಷ್ಟು ತಿನ್ನಿಸಿದರೆ ಸುರಕ್ಷಿತ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೆಳೆದ ಸ್ನೋಫ್ಲೇಕ್‌ಗೆ, ಅಂದರೆ ವೈಜ್ಞಾನಿಕ ಹೆಸರಿನಲ್ಲಿ ಎಕಿಡ್ನಾ ನೆಬುಲೋಸಾಗೆ, ವಾರಕ್ಕೆ ಎರಡು ಮೂರು ಸಲ ಹಾಕಿದರೆ ಧಾರಾಳವಾಯಿತು. ದಿನಾಲೂ ಹಾಕಿದರೆ ಈಲ್ ಕೊಬ್ಬುತ್ತದೆ, ನೀರು ಕೆಡುತ್ತದೆ, ಟ್ಯಾಂಕಿನಲ್ಲಿ ಸದಾ ಸಿಗಡಿಯ ವಾಸನೆ ಉಳಿಯುತ್ತದೆ. ಐಸು ಬಿಡಿಸಿದ ಸಿಗಡಿಯನ್ನು ತೊಳೆಯಿರಿ, ಕಾಗದದಿಂದ ಒತ್ತಿ ನೀರು ತೆಗೆಯಿರಿ, ಉದ್ದ ಇಕ್ಕಳದಲ್ಲಿ ಹಿಡಿದು ಪ್ರತಿ ಸಲವೂ ಅದೇ ಮೂಲೆಯಲ್ಲಿ ಕೊಡಿ. ಉಳಿದ ಮೀನುಗಳಿಗೆ ಅದಕ್ಕೂ ಮೊದಲು ಎದುರಿನ ಮೂಲೆಯಲ್ಲಿ ಹಾಕಿ ಮುಗಿಸಿರಿ. ಸಿಗಡಿಯೊಂದನ್ನೇ ಹಾಕುತ್ತಿದ್ದರೆ ವಿಟಮಿನ್ ಬಿ1 ಕೊರತೆಯಾಗುವ ಭಯವಿದೆ, ಆದ್ದರಿಂದ ಸ್ಕ್ವಿಡ್, ಏಡಿಯ ಮಾಂಸ, ಸಮುದ್ರ ಮೀನಿನ ತುಂಡುಗಳನ್ನು ಬದಲಿಸುತ್ತಿರಿ. ಹೊಸದಾಗಿ ತಂದ ಈಲ್ ಕೆಲವು ವಾರ ಏನೂ ತಿನ್ನದೆ ಇರಬಹುದು. ಆಗ ಗಾಬರಿಯಾಗಿ ಜೀವಂತ ಮೀನು ಬಿಡಬೇಡಿ. ಅಲುಗುವ ಮೀನೇ ಆಹಾರವೆಂದು ನೀವೇ ಅದಕ್ಕೆ ಕಲಿಸಿದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ಲೌನ್ ಮತ್ತು ಡ್ಯಾಮ್ಸೆಲ್‌ಗಳನ್ನು ಅದರ ಜೊತೆಗೆ ಇಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈಲ್ ಎರಡು ಅಡಿ ದಾಟಿ ಬೆಳೆಯುತ್ತದೆ, ಬೆರಳುದ್ದದ ಮೀನು ಅದರ ಬಾಯಿಯ ಅಳತೆಯದೇ. ಕೆಲವರ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಏನೂ ಆಗಿಲ್ಲವೆಂದು ಹೇಳುತ್ತಾರೆ. ನನ್ನದರಲ್ಲೂ ಹನ್ನೊಂದು ತಿಂಗಳು ಆಗಿರಲಿಲ್ಲ. ಟ್ಯಾಂಕು ಶುಚಿ ಮಾಡಲೆಂದು ಸಾಕುವ ಕ್ಲೀನರ್ ಸಿಗಡಿ, ಸಣ್ಣ ಏಡಿಗಳಂತೂ ಅದರ ಹುಟ್ಟಾ ಆಹಾರ. ನಿಮಗೆ ಕ್ಲೌನ್ ಜೋಡಿಯ ಮೇಲೆ ಪ್ರೀತಿಯಿದ್ದರೆ ಈಲ್ ತರಬೇಡಿ. ಈಲ್ ಬೇಕೇ ಬೇಕೆಂದರೆ ಸಣ್ಣ ಮೀನುಗಳನ್ನೆಲ್ಲ ಬೇರೆಯವರಿಗೆ ಕೊಟ್ಟು, ಮೈ ಅಗಲವಿರುವ ದೊಡ್ಡ ಮೀನುಗಳನ್ನು ಮಾತ್ರ ಉಳಿಸಿಕೊಳ್ಳಿ. ಅಂಗಡಿಯಲ್ಲಿ ಹೆಸರು ಕೇಳಿ ಸುಮ್ಮನಾಗದೆ ಈಲ್‌ನ ಬಾಯಿಯನ್ನೂ ನೋಡಿ: ಸೂಜಿಯಂಥ ಹಲ್ಲುಗಳಿದ್ದರೆ ಅದು ಮೀನನ್ನೇ ಬೇಟೆಯಾಡುವ ಜಾತಿ, ನಿಮ್ಮ ಟ್ಯಾಂಕಿಗೆ ಅದು ಬೇಡವೇ ಬೇಡ.

ನನ್ನ ಈಲ್ ಈಗಲೂ ಅದೇ 450 ಲೀಟರಿನ ಟ್ಯಾಂಕಿನಲ್ಲಿದೆ, ಒಂದು ಫಾಕ್ಸ್‌ಫೇಸ್ ಮೀನಿನ ಜೊತೆಗೆ. ಫಾಕ್ಸ್‌ಫೇಸ್‌ನ ಬೆನ್ನಿನಲ್ಲಿ ವಿಷದ ಮುಳ್ಳುಗಳಿವೆ, ಮೈಯೂ ಅಂಗೈಯಷ್ಟು ಅಗಲ. ಮಾಳಿಗೆಯ ಕೋಣೆಗೆ ನಳ ಹಾಕಿಸಿಕೊಂಡಿದ್ದೇನೆ. ಸಿಗಡಿ ತೊಳೆದ ನೀರು ಅಲ್ಲಿಂದಲೇ ಚರಂಡಿಗೆ ಹೋಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು: ಮುಚ್ಚಳದಲ್ಲಿ ಪೈಪು, ವೈರು ಹೋಗುವ ರಂಧ್ರಗಳನ್ನು ಈಲ್ ತರುವ ಮೊದಲೇ ಗಟ್ಟಿ ಸ್ಪಂಜಿನಿಂದ ಮುಚ್ಚಿ, ಮುಚ್ಚಳದ ಮೇಲೆ ಭಾರ ಇಡಿ. ಈ ಜಾತಿಯ ಈಲ್ ನೀರಿನಿಂದ ಹೊರಗೆ, ನೆಲದ ಮೇಲೆಯೂ ತುತ್ತನ್ನು ನುಂಗಬಲ್ಲದೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ, ಆದ್ದರಿಂದ ತೆರೆದ ರಂಧ್ರ ಕಂಡರೆ ಅದು ಹೊರಬರಲು ಹಿಂಜರಿಯುವುದಿಲ್ಲ. ನಮ್ಮಲ್ಲಿ ಎರಡು ಬೆರಳು ತೂರುವಷ್ಟು ರಂಧ್ರವಿತ್ತು, ಮತ್ತು ಒಂದು ಬೆಳಿಗ್ಗೆ ರಂಗೋಲಿ ಹಾಕಲು ಎದ್ದ ಅವ್ವನೇ ಅದನ್ನು ಪಡಸಾಲೆಯ ನೆಲದ ಮೇಲೆ ಕಂಡು, ಕೂಗದೆ, ಒದ್ದೆ ಟವೆಲಿನಲ್ಲಿ ಎತ್ತಿ ನೀರಿಗೆ ಬಿಟ್ಟು ನನ್ನನ್ನು ಎಬ್ಬಿಸಿದ್ದರು.