ಓದುಗರ ಪ್ರಶ್ನೆ, ನಮ್ಮ ಉತ್ತರ: ಲೈಟು ಕಂಡಿತು, ಪೊಲೀಸಪ್ಪ ಕಾಣಲಿಲ್ಲ!

ಪೊಲೀಸ್ ಗಾಡಿಗಳ ಸ್ಟಿಕರ್ ಮತ್ತು ಲೈಟುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಸಣ್ಣ ಟಿಪ್ಪಣಿ ಹಾಕಿದ್ದೆವು. ರಾತ್ರಿ ಇವು ಕಣ್ಣಿಗೆ ಹೊಡೆಯುತ್ತವೆ, ಆದರೆ ಹೇಳಬೇಕಾದ್ದನ್ನು ಹೇಳುವುದಿಲ್ಲ ಅಂತ ಬರೆದಿದ್ದಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಪತ್ರಗಳು ಬಂದಿವೆ. ಒಂದಿಷ್ಟು ಹೊಗಳಿಕೆ, ಒಂದಿಷ್ಟು ಬೈಗುಳ. ಪ್ರಶ್ನೆ ಇರುವ ಪತ್ರಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ರಾತ್ರಿ ಬೆಳಗಾವಿಯಿಂದ ಊರಿಗೆ ಬರುವಾಗ ಹೆದ್ದಾರಿಯಲ್ಲಿ ನಾಕಾಬಂದಿ ಇತ್ತು. ಗಾಡಿಯ ಮೇಲೆ ಕೆಂಪು-ನೀಲಿ ಲೈಟು ಪಟಪಟ ಅಂತ ಹೊಡೀತಿತ್ತು. ದೂರದಿಂದಲೇ ನೋಡಿ ನಿಧಾನ ಮಾಡಿದೆ. ಆದರೆ ಗಾಡಿ ಪಕ್ಕ ಕೈ ಅಡ್ಡ ಹಿಡಿದು ನಿಂತಿದ್ದ ಪೊಲೀಸಪ್ಪ ಬಾನೆಟ್ ಹತ್ತಿರ ಬರುವ ತನಕ ಕಾಣಲೇ ಇಲ್ಲ. ನನಗೆ 58 ವರ್ಷ. ನನ್ನ ಕಣ್ಣು ಕೆಟ್ಟಿದೆಯಾ?
– ಸಂಕೇಶ್ವರದ ಓದುಗರು

ಉತ್ತರ: ಕಣ್ಣು ಒಮ್ಮೆ ತೋರಿಸಿಕೊಳ್ಳಿ ಸರ್, ಅದು ಹೇಗೂ ಒಳ್ಳೆಯದೇ. ಪೊರೆ ಬರೋಕೆ ಶುರುವಾಗಿದ್ದರೆ ಎದುರಿನ ಬೆಳಕು ಕಣ್ಣೊಳಗೆ ಇನ್ನೂ ಜಾಸ್ತಿ ಚೆದುರುತ್ತದೆ. ಆದರೆ ನೀವು ಹೇಳಿದ್ದು ಇಪ್ಪತ್ತರ ಹುಡುಗನಿಗೂ ಆಗುತ್ತದೆ. ಜೋರು ಬೆಳಕು ಕಣ್ಣಿಗೆ ಬಿದ್ದಾಗ ಅದರಲ್ಲಿ ಸ್ವಲ್ಪ ಭಾಗ ಕಣ್ಣೊಳಗೇ ಹರಡಿ, ನೋಟದ ಮೇಲೆ ತೆಳು ಪರದೆ ಎಳೆದ ಹಾಗಾಗುತ್ತದೆ. ಆ ಬೆಳಕಿನ ಪಕ್ಕದಲ್ಲೇ ಮಂಕಾಗಿರುವ ವಸ್ತು ಏನಿದ್ದರೂ ಪರದೆಯ ಹಿಂದೆ ಹೋಗಿಬಿಡುತ್ತದೆ. ಖಾಕಿ ಬಟ್ಟೆಗಿಂತ ಮಂಕಾದದ್ದು ಇನ್ಯಾವುದಿದೆ?

ಹಳೇ ಕಾಲದ ತಿರುಗುವ ಲೈಟು ನೆನಪಿದೆಯಲ್ಲ. ಅದರ ಬೆಳಕು ಬೀಸಿಕೊಂಡು ಬಂದು ಹೋಗುತ್ತಿತ್ತು. ಈಗಿನ ಎಲ್‌ಇಡಿ ಹಾಗಲ್ಲ, ಒಂದೇ ಏಟಿಗೆ ಪೂರ್ತಿ ಹೊತ್ತಿ ಒಂದೇ ಏಟಿಗೆ ಆರುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಕಾಣಲಿ ಅಂತ ಮಾಡಿದ ಬೆಳಕನ್ನೇ ಕಗ್ಗತ್ತಲ ಹೆದ್ದಾರಿಯಲ್ಲಿ ಕಣ್ಣಿಗೆ ಬಿಟ್ಟರೆ ಏನಾಗಬೇಕೋ ಅದೇ ನಿಮಗೆ ಆಗಿದ್ದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2008ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಹಗಲಿಗೆ ಒಂದು ಪ್ರಮಾಣದ ಬೆಳಕು ಇರಲಿ, ರಾತ್ರಿಗೆ ಅದಕ್ಕಿಂತ ಕಡಿಮೆ ಇರಲಿ ಅನ್ನುವುದು ಅವರ ಮುಖ್ಯ ಸಲಹೆಗಳಲ್ಲಿ ಒಂದು. ಗಾಡಿಯ ನೆತ್ತಿಗೆ ಕೂರಿಸುವ, ಈಗ ಬರುವ ಅನೇಕ ಲೈಟ್‌ಬಾರ್‌ಗಳಲ್ಲಿ ರಾತ್ರಿಗೆ ತಗ್ಗಿಸುವ ಸೌಲಭ್ಯ ಇರುತ್ತದೆ. ಅದರ ವೈರ್ ಜೋಡಿಸಿ ಸ್ವಿಚ್ ಕೊಡಬೇಕು, ಅಷ್ಟೇ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ನಿಂತ ಗಾಡಿಗೂ ಓಡುವ ಗಾಡಿಗೂ ಒಂದೇ ಲೈಟು ಯಾಕೆ? ಓಡುವ ಗಾಡಿ ಹೇಳಬೇಕಾದದ್ದು "ದಾರಿ ಬಿಡಿ" ಅಂತ. ನಿಂತ ಗಾಡಿ ಹೇಳಬೇಕಾದದ್ದು "ನಾನು ಇಲ್ಲಿ ಅಡ್ಡ ಇದ್ದೀನಿ, ಪಕ್ಕದಿಂದ ನಿಧಾನ ಹೋಗಿ" ಅಂತ. ಎರಡಕ್ಕೂ ಒಂದೇ ಥರ ಪಟಪಟ ಹೊಡೆದರೆ, ಹಿಂದಿನಿಂದ ಬರುವ ಲಾರಿಯವನಿಗೆ ಮುಂದಿನ ಗಾಡಿ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುವಷ್ಟರಲ್ಲಿ ಅರ್ಧ ದೂರ ಮುಗಿದಿರುತ್ತದೆ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್, ಲೆಕ್ಕ ಹಾಕಿ. ಅಮೆರಿಕದ ಅಗ್ನಿಶಾಮಕ ಗಾಡಿಗಳ ಎನ್‌ಎಫ್‌ಪಿಎ 1901 ಅನ್ನುವ ಹಿಂದಿನ ಮಾನದಂಡದಲ್ಲಿ ಈ ಎರಡು ಸ್ಥಿತಿಗಳನ್ನು ಬೇರೆ ಮಾಡಿದ್ದರು. ಗಾಡಿ ರಸ್ತೆಗೆ ಅಡ್ಡ ನಿಂತಾಗ ಬಿಳಿ ಮಿಂಚು ಲೈಟುಗಳು ಆರಬೇಕು ಅಂತ ಅದರಲ್ಲಿತ್ತು. ನಮ್ಮ ನಾಕಾಬಂದಿಗೂ ಇಷ್ಟು ಸಾಕು. ನಿಂತಾಗ ನಿಧಾನವಾಗಿ ಹೊಡೆಯುವ, ತಗ್ಗಿಸಿದ ಲೈಟು. ಬಿಳಿ ಬೇಡವೇ ಬೇಡ.

ಪ್ರಶ್ನೆ: ನೀಲಿ ಲೈಟು ಯಾಕೆ ಬೇಕು? ಕೆಂಪು ಮಂಜಿನಲ್ಲೂ ತೂರಿಕೊಂಡು ಹೋಗುತ್ತದೆ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಎಲ್ಲ ಕೆಂಪೇ ಹಾಕಿದರೆ ಮುಗೀತಲ್ಲ?
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ

ಉತ್ತರ: ಆ ಪಾಠ ಗಾಳಿಗೆ ಸರಿ, ಮಂಜಿಗೆ ಅಲ್ಲ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಬಹಳ ಚಿಕ್ಕವು, ಅದಕ್ಕೇ ಅವು ನೀಲಿಯನ್ನು ಜಾಸ್ತಿ ಚೆದುರಿಸುತ್ತವೆ. ಮಂಜಿನ ಹನಿಗಳು ದೊಡ್ಡವು, ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸುತ್ತವೆ. ಮಳೆಗಾಲದಲ್ಲಿ ಚೋರ್ಲಾ ಘಾಟಿಗೆ ಹೋದವರನ್ನು ಕೇಳಿ, ಅಲ್ಲಿ ಕೆಂಪಿಗೇನೂ ವಿಶೇಷ ಮರ್ಯಾದೆ ಸಿಗುವುದಿಲ್ಲ.

ಕತ್ತಲಾದಂತೆ ನಮ್ಮ ಕಣ್ಣು ನೀಲಿ-ಹಸಿರಿನ ಕಡೆಗೆ ಜಾಸ್ತಿ ಸೂಕ್ಷ್ಮ ಆಗುತ್ತದೆ, ಕೆಂಪು ಕಪ್ಪಾಗುತ್ತಾ ಹೋಗುತ್ತದೆ. ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ 1819ರಲ್ಲೇ ಇದನ್ನು ಗಮನಿಸಿದ್ದ. ಜೊತೆಗೆ ರಾತ್ರಿ ರಸ್ತೆ ತುಂಬಾ ಕೆಂಪೇ ಇರುತ್ತದೆ. ಟೇಲ್ ಲೈಟ್, ಬ್ರೇಕ್ ಲೈಟ್, ಸಿಗ್ನಲ್, ಡಾಬಾದ ಬೋರ್ಡು. ಆ ಗುಂಪಿನಲ್ಲಿ ಇನ್ನೊಂದು ಕೆಂಪು ಎದ್ದು ಕಾಣುವುದಿಲ್ಲ, ನೀಲಿ ಕಾಣುತ್ತದೆ. ಕೆಂಪು ಮಬ್ಬಾಗಿ ಕಾಣುವ ವರ್ಣದೋಷ ಇರುವ ಗಂಡಸರೂ ಗಾಡಿ ಓಡಿಸುತ್ತಾರೆ, ಅದನ್ನೂ ಮರೆಯಬೇಡಿ. ಹಾಗಂತ ನೀಲಿಯನ್ನು ಸಿಕ್ಕಾಪಟ್ಟೆ ಜೋರು ಮಾಡಿದರೆ ರಾತ್ರಿ ಕಣ್ಣಿಗೆ ಅತಿ ಹೆಚ್ಚು ಚುಚ್ಚುವುದೂ ಅದೇ. ಎಷ್ಟು ಬೇಗ ಮಿನುಗಬೇಕು ಅನ್ನುವುದಕ್ಕೂ ಮಿತಿ ಇದೆ. ಯುರೋಪಿನ ನಿಯಮದಲ್ಲಿ ಸೆಕೆಂಡಿಗೆ 2ರಿಂದ 4 ಸಲ. ಅದಕ್ಕಿಂತ ಜಾಸ್ತಿ ವೇಗದಲ್ಲಿ ಮಿನುಗಿಸಿದರೆ ಗಡಿಬಿಡಿ ಜಾಸ್ತಿ ಆಗುತ್ತದೆ, ತಿಳಿವಳಿಕೆ ಅಲ್ಲ.

ಪ್ರಶ್ನೆ: ನಮ್ಮದು ನವನಗರದಲ್ಲಿ ರೇಡಿಯಂ ಅಂಗಡಿ. ಗಸ್ತು ಗಾಡಿಯೊಂದಕ್ಕೆ ಸ್ಟಿಕರ್ ಮಾಡುವ ಕೆಲಸ ಬಂದಿದೆ. ಎರಡೂ ಬದಿಗೆ ಅಲೆಅಲೆಯ ಡಿಸೈನ್, ಒಂದು ಘೋಷವಾಕ್ಯ, ಎರಡು ಲಾಂಛನ, ಮೂರು ಫೋನ್ ನಂಬರ್, ಕೆಳಗೆ ಪ್ರಾಯೋಜಕರ ಹೆಸರು ಬೇಕಂತೆ. ಎಲ್ಲ ಹಿಡಿಸುವುದು ಹೇಗೆ?
– ಬಾಗಲಕೋಟೆ ಓದುಗರು

ಉತ್ತರ: ಹಿಡಿಸಬೇಡಿ ಅಣ್ಣಾ! ನಿಮ್ಮಂಥ ಸ್ಟಿಕರ್ ಕೆಲಸದವರು ನಮಗೆ ಪತ್ರ ಬರೆದಿದ್ದೇ ಖುಷಿ, ಯಾಕಂದರೆ ಇದೆಲ್ಲ ಕೊನೆಗೆ ತೀರ್ಮಾನ ಆಗುವುದು ನಿಮ್ಮ ಕಟ್ಟಿಂಗ್ ಮಷೀನ್ ಮುಂದೆಯೇ.

ರಸ್ತೆ ಬೋರ್ಡು ಮಾಡುವವರ ಹಳೇ ಲೆಕ್ಕ ಒಂದಿದೆ. ಇಂಗ್ಲಿಷ್ ಅಕ್ಷರ ಒಂದು ಇಂಚು ಎತ್ತರ ಇದ್ದರೆ ಸುಮಾರು 30 ಅಡಿ ದೂರದಿಂದ ಓದಬಹುದು. ನಾಲ್ಕು ಇಂಚಿನ ಅಕ್ಷರ ಅಂದರೆ 120 ಅಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ಅದು ಎರಡೇ ಸೆಕೆಂಡಿನ ದಾರಿ. ಆ ಎರಡು ಸೆಕೆಂಡಿನಲ್ಲಿ ಅವನು ಘೋಷವಾಕ್ಯ ಓದಬೇಕಾ, ಮೂರು ಫೋನ್ ನಂಬರ್ ಓದಬೇಕಾ, ಪ್ರಾಯೋಜಕರಿಗೆ ಕೈ ಮುಗಿಯಬೇಕಾ? ನಮ್ಮ ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತಕ್ಷರ ಎಲ್ಲ ಇರುವುದರಿಂದ ಇಂಗ್ಲಿಷಿಗಿಂತ ದೊಡ್ಡದಾಗಿಯೇ ಬರೆಯಬೇಕು. "ಪೊಲೀಸ್" ಅನ್ನುವುದರಲ್ಲಿ ಮೇಲಿನ ಗುಡಿಸು ಮುಚ್ಚಿಹೋಗುವಷ್ಟು ದಪ್ಪ ಫಾಂಟ್ ಬೇಡ, ನೆರಳು ಬೇಡ, ಓರೆ ಬೇಡ. ಫೋನ್ ನಂಬರ್ ಒಂದೇ ಸಾಕು, 112. ಮೂರೇ ಅಂಕಿ, ಅದೂ ದೊಡ್ಡದಾಗಿ.

ಡಿಸೈನ್ ವಿಷಯ. ಬ್ರಿಟನ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ಗಾಡಿ ಬದಿಗೆ ನೀಲಿ-ಹಳದಿ ದೊಡ್ಡ ಚೌಕಗಳ ವಿನ್ಯಾಸ ತಂದರು. ಬ್ಯಾಟನ್‌ಬರ್ಗ್ ಅಂತ ಹೆಸರು. ಹಗಲಲ್ಲಿ 500 ಮೀಟರ್ ದೂರದಿಂದಲೇ ಇದು ಪೊಲೀಸ್ ಗಾಡಿ ಅಂತ ಗುರುತು ಸಿಗಬೇಕು ಅನ್ನುವುದು ಆಗಿನ ಗುರಿ. ಅಷ್ಟು ದೂರದಿಂದ ಅಕ್ಷರ ಯಾರೂ ಓದುವುದಿಲ್ಲ, ಚೌಕ ಕಾಣುತ್ತದೆ. ಅಲೆ, ಜ್ವಾಲೆ, ಹದ್ದಿನ ರೆಕ್ಕೆ, ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಡಿಸೈನ್, ಇವೆಲ್ಲ ಹತ್ತಿರ ನಿಂತು ಫೋಟೋ ತೆಗೆಯುವಾಗ ಚೆಂದ. ದೂರಕ್ಕೆ ಅವು ಗಾಡಿಯ ಆಕಾರವನ್ನೇ ಒಡೆದುಹಾಕುತ್ತವೆ. ಅಮೆರಿಕದ ಕೆಲವು ಊರುಗಳಲ್ಲಿ ಕಪ್ಪು ಗಾಡಿಗೆ ಕಪ್ಪು ಅಕ್ಷರ ಅಂಟಿಸುವ ಫ್ಯಾಷನ್ ಇದೆ, ಕಳ್ಳ ಹಿಡಿಯೋಕೆ ಅಂತ ಬೇಕಂತಲೇ ಮಾಡುತ್ತಾರೆ. ನಮ್ಮಲ್ಲಿ ಬೇಕಂತ ಮಾಡದೇನೇ ಹಾಗಾಗಿಬಿಡುತ್ತದೆ.

ಅಮೆರಿಕದ ಅಗ್ನಿಶಾಮಕ ಆಡಳಿತ 2009ರಲ್ಲಿ ಒಂದು ವರದಿ ಕೊಟ್ಟಿತ್ತು. ಅದರ ಎರಡು ಮಾತು ನಿಮಗೆ ನೇರ ಉಪಯೋಗ. ಒಂದು, ಗಾಡಿಯ ಅಂಚುಗಳ ಗುಂಟ ರೇಡಿಯಂ ಪಟ್ಟಿ ಎಳೆಯಿರಿ, ರಾತ್ರಿ ಗಾಡಿಯ ಅಳತೆ ಗೊತ್ತಾಗುತ್ತದೆ. ಎರಡು, ರೇಡಿಯಂ ಕೆಳಗಡೆ ಜಾಸ್ತಿ ಇರಲಿ. ಡಿಪ್ಪರ್‌ನಲ್ಲಿ ಬರುವ ಗಾಡಿಯ ಬೆಳಕು ಬೀಳುವುದು ಕೆಳಗೇ, ಮೇಲಿನ ಕಿಟಕಿ ಹತ್ತಿರ ಅಂಟಿಸಿದ್ದು ಸುಮ್ನೆ ದಂಡ. ಬಾಗಿಲು ತೆರೆದಾಗ ಕಾಣುವ ಒಳಗಿನ ಅಂಚಿಗೂ ಒಂದು ಪಟ್ಟಿ ಹಾಕಿ, ನಾಕಾಬಂದಿಯಲ್ಲಿ ಬಾಗಿಲು ತೆರೆದೇ ಇರುತ್ತದೆ.

ಮಾಲು ಅಸಲಿಯೋ ನಕಲಿಯೋ ನೋಡೋಕೆ ಕತ್ತಲಲ್ಲಿ ಹತ್ತು-ಹದಿನೈದು ಹೆಜ್ಜೆ ದೂರ ನಿಂತು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಕಿವಿ ಹತ್ತಿರ ಹಿಡಿದು ಬೆಳಕು ಬಿಡಿ. ಒಳ್ಳೆ ಶೀಟು ಉರಿದ ಹಾಗೆ ಹೊಳೆಯುತ್ತದೆ. ಈಗ ಕೈ ಪೂರ್ತಿ ಪಕ್ಕಕ್ಕೆ ಚಾಚಿ ಬೆಳಕು ಬಿಡಿ, ಹೊಳಪು ಇಳಿಯುತ್ತದೆ. ಯಾಕಂದರೆ ಅದರೊಳಗಿನ ಗಾಜಿನ ಮಣಿಗಳು ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತವೆ. ಬರೀ ಹೊಳಪಿನ ವಿನೈಲ್ ಆದರೆ ಎರಡು ಸಲವೂ ಮಂಕೇ. ಕಣ್ಣು ಕುಕ್ಕುವ ಹಸಿರು-ಹಳದಿ ಬಣ್ಣವನ್ನೂ ಜನ ರೇಡಿಯಂ ಅಂತಲೇ ಕರೆಯುತ್ತಾರೆ, ಅದು ಬೇರೆ. ಅದು ಹಗಲಿಗೆ, ಮುಸ್ಸಂಜೆಗೆ. ರಾತ್ರಿ ಅದರಿಂದ ಲಾಭ ಇಲ್ಲ.

ಪ್ರಾಯೋಜಕರ ಬಗ್ಗೆ ಏನು ಹೇಳಲಿ. ಬ್ಯಾರಿಕೇಡುಗಳ ಮೇಲೆ ಚಿನ್ನದಂಗಡಿ ಹೆಸರು ಗೇಣುದ್ದ, "ನಿಲ್ಲಿ" ಅನ್ನುವುದು ಬೆರಳುದ್ದ ಇರುವುದನ್ನು ಎಲ್ಲರೂ ನೋಡಿದ್ದೇವೆ. ಗಾಡಿಗಾದರೂ ಬಿಡಲಿ.

ಪ್ರಶ್ನೆ: ನನ್ನ ಬೊಲೆರೋಗೆ ಮುಂದಿನ ಗ್ರಿಲ್‌ನಲ್ಲಿ ಕೆಂಪು-ನೀಲಿ ಮಿಂಚು ಲೈಟು ಹಾಕಿಸಬೇಕು ಅಂತಿದೀನಿ. ಟೋಲ್‌ನಲ್ಲಿ ಬೇಗ ಬಿಡ್ತಾರಂತೆ. ನಡೆಯುತ್ತಾ?
– ಗೋಕಾಕದ ಓದುಗ

ಉತ್ತರ: ಇಲ್ಲ ತಮ್ಮಾ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಮೇಲಿನ ಕೆಂಪು ದೀಪವನ್ನೇ ಕಿತ್ತುಹಾಕಿದ್ದಾರೆ. ಕೆಂಪು, ನೀಲಿ, ಬಿಳಿ ಕೂಡಿದ ಲೈಟು ತುರ್ತು ಕೆಲಸಕ್ಕೆ ಅಂತ ಗುರುತು ಮಾಡಿದ ಗಾಡಿಗಳಿಗೆ ಮಾತ್ರ. ಅಗ್ನಿಶಾಮಕ, ಪೊಲೀಸ್, ವಿಪತ್ತು ನಿರ್ವಹಣೆ, ಹೀಗೆ. ನಿನ್ನಂಥವರು ಹತ್ತು ಜನ ಹಾಕಿಕೊಂಡರೆ ಹನ್ನೊಂದನೇದು ನಿಜವಾದ ಪೊಲೀಸ್ ಗಾಡಿ ಬಂದಾಗಲೂ ಯಾರೂ ಸರಿಯುವುದಿಲ್ಲ. ಆ ದುಡ್ಡಲ್ಲಿ ಹಿಂದಿನ ಒಡೆದ ಟೇಲ್ ಲೈಟು ಸರಿಮಾಡಿಸು.

ಪ್ರಶ್ನೆ: ಆಂಬುಲೆನ್ಸ್ ಮುಂದೆ ಅಕ್ಷರ ಉಲ್ಟಾ ಇರುತ್ತೆ, ಪೊಲೀಸ್ ಗಾಡಿಗೆ ಯಾಕಿಲ್ಲ?
– ಏಳನೇ ತರಗತಿ ವಿದ್ಯಾರ್ಥಿನಿ, ಮುದ್ದೇಬಿಹಾಳ

ಉತ್ತರ: ಮುಂದಿನ ಗಾಡಿಯವರ ಕನ್ನಡಿಯಲ್ಲಿ ನೇರ ಕಾಣಲಿ ಅಂತ ಉಲ್ಟಾ ಬರೆಯುತ್ತಾರೆ ಪುಟ್ಟಾ. ಪೊಲೀಸ್ ಗಾಡಿಗೂ ಬರೆಯಬಹುದು, ತಪ್ಪೇನಿಲ್ಲ. ಆದರೆ ಕನ್ನಡಿಯಲ್ಲಿ ಅಕ್ಷರಕ್ಕಿಂತ ಮೊದಲು ಲೈಟೇ ಕಾಣುತ್ತದೆ. ನಿಮ್ಮಪ್ಪ ಗಾಡಿ ಓಡಿಸುವಾಗ ಹಿಂದೆ ಆಂಬುಲೆನ್ಸ್ ಬಂದರೆ ಎಡಕ್ಕೆ ಸರಿಯೋಕೆ ಹೇಳು. ಬಿಡದಿದ್ದರೆ ಹತ್ತು ಸಾವಿರ ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ, ಅದನ್ನೂ ಹೇಳು.

ಪ್ರಶ್ನೆ: ಸುಮ್ನೆ ಪೊಲೀಸರನ್ನೇ ಬೈತೀರಿ. ಗಾಡಿ ಕೊಡೋರು ಮೇಲಿನವರು, ಸ್ಟಿಕರ್ ಅಂಟಿಸೋರು ಟೆಂಡರಿನವರು, ರಾತ್ರಿ ರಸ್ತೆ ಮೇಲೆ ನಿಲ್ಲೋರು ನಾವು. ಲೈಟು ಕಡಿಮೆ ಮಾಡಿದರೆ ಗುದ್ದಿಸಿಕೊಳ್ಳೋದೂ ನಾವೇ.
– ನಿವೃತ್ತ ಹವಾಲ್ದಾರ್, ಬೈಲಹೊಂಗಲ ಕಡೆಯವರು

ಉತ್ತರ: ಹವಾಲ್ದಾರ್ ಸಾಹೇಬ್ರೇ, ನಮ್ಮ ತಕರಾರೂ ಅದೇ. ನಿಲ್ಲುವವರನ್ನು ಕೇಳದೆ ಡಿಸೈನ್ ಮಾಡುತ್ತಾರೆ. ಚಳಿಗಾಲದ ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದ ಸುತ್ತ ಸಾಲಾಗಿ ನಿಂತ ಗಾಡಿಗಳನ್ನು ನೋಡಿ, ಬೇರೆ ಬೇರೆ ಜಿಲ್ಲೆಯಿಂದ ಬಂದವು, ಒಂದರ ಸ್ಟಿಕರ್ ಒಂದಕ್ಕಿಲ್ಲ.

ಲೈಟು ಆರಿಸಿ ಅಂತ ನಾವು ಹೇಳಿಲ್ಲ, ತಗ್ಗಿಸಿ ಅಂದೆವು. ಮತ್ತೆ ಗಾಡಿ ಒಂದನ್ನೇ ನಂಬಬೇಡಿ. ಕೋನುಗಳನ್ನು ಗಾಡಿಗಿಂತ ಬಹಳ ಮೊದಲೇ ಇಟ್ಟು, ಬರುವವನನ್ನು ಓರೆಯಾಗಿ ಪಕ್ಕಕ್ಕೆ ತಿರುಗಿಸಿ. ನಿಲ್ಲುವವರು ಲೈಟಿನ ಕೆಳಗೆ ಬೇಡ, ಬೆಳಕಿನಿಂದ ದೂರ ನಿಲ್ಲಲಿ. ರೇಡಿಯಂ ಪಟ್ಟಿ ಜಾಕೆಟ್ಟಿನ ಎದೆಗೆ ಮಾತ್ರ ಇದ್ದರೆ ದೂರಕ್ಕೆ ಅದು ಕಂಬವೋ ಬೋರ್ಡೋ ಗೊತ್ತಾಗುವುದಿಲ್ಲ. ಮುಂಗೈ, ಮೊಣಕಾಲು, ಪಾದದ ಹತ್ತಿರ ಪಟ್ಟಿ ಇದ್ದರೆ ಕೈಕಾಲು ಆಡುವುದು ಕಂಡು ಮನುಷ್ಯ ಅಂತ ತಕ್ಷಣ ಹೊಳೆಯುತ್ತದೆ. ಇದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಸಾಬೀತಾದ ವಿಷಯ. ಲೈಟ್‌ಬಾರಿನ ಮುಂದೆ ಇದರ ಖರ್ಚು ಏನೂ ಅಲ್ಲ.

ಪ್ರಶ್ನೆ: ಪೊಲೀಸ್ ಗಾಡಿ ಬಿಡಿ, ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಬರೀರಿ. ಹಂಗಾಮು ಶುರುವಾದರೆ ಎರಡೆರಡು ಟ್ರಾಲಿ ಎಳೆದುಕೊಂಡು ರಾತ್ರಿಯೆಲ್ಲ ಓಡ್ತಾವೆ. ರೇಡಿಯಂ ಅಂಟಿಸ್ತಾರೆ, ಆದರೂ ಕಾಣಲ್ಲ.
– ಮುಧೋಳದ ರೈತರು

ಉತ್ತರ: ಅಂಟಿಸುವ ಜಾಗವೇ ತಪ್ಪು, ಅದಕ್ಕೆ. ಟ್ರಾಲಿಯ ಹಿಂದಿನ ಹಲಗೆಗೆ ಅಂಟಿಸಿರುತ್ತಾರೆ. ಲೋಡ್ ಆದ ಮೇಲೆ ಕಬ್ಬಿನ ತುದಿ, ರವದಿ ಹಿಂದಕ್ಕೆ ಜೋತುಬಿದ್ದು ಅದನ್ನು ಪೂರ್ತಿ ಮುಚ್ಚುತ್ತದೆ. ಮುಚ್ಚದೆ ಉಳಿದದ್ದರ ಮೇಲೆ ಗದ್ದೆಯ ಎರೆಮಣ್ಣು ಮೆತ್ತಿರುತ್ತದೆ, ಕೆಸರಿನ ಹಿಂದಿನ ಗಾಜಿನ ಮಣಿಗೆ ಬೆಳಕು ಹೋಗುವುದಾದರೂ ಹೇಗೆ? ಲಾರಿ ಚಾಲಕನಿಗಂತೂ ಇನ್ನೂ ಕಷ್ಟ. ಅವನ ಕಣ್ಣು ಹೆಡ್‌ಲೈಟಿಗಿಂತ ಬಹಳ ಎತ್ತರದಲ್ಲಿ ಇರುವುದರಿಂದ, ದೀಪದ ಕಡೆಗೆ ವಾಪಸ್ ಬರುವ ಬೆಳಕಿನಲ್ಲಿ ಅವನ ಪಾಲಿಗೆ ಸ್ವಲ್ಪವೇ ಸಿಗುತ್ತದೆ.

ಲಾರಿಗಳಿಗೆ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಪಟ್ಟಿ ಅಂತ ನಿಯಮ ಇದೆಯಲ್ಲ, ಅದೇ ಬಣ್ಣ ಟ್ರಾಲಿಗೂ ಬಳಸಿ. ಆದರೆ ಹಿಂದಿನದನ್ನು ಟ್ರಾಲಿಗೆ ಅಂಟಿಸಬೇಡಿ. ಒಂದು ಮೊಳದ ತಗಡಿನ ಹಲಗೆಗೆ ಅಂಟಿಸಿ, ಲೋಡ್ ಮುಗಿದ ಮೇಲೆ ಕಬ್ಬಿನ ಹೊರಗೆ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಎರಡು ಹಲಗೆ ಬೇಕು, ಎಡ ತುದಿಗೆ ಒಂದು, ಬಲ ತುದಿಗೆ ಒಂದು, ಆಗ ಲೋಡಿನ ಅಗಲ ಗೊತ್ತಾಗುತ್ತದೆ. ಪಕ್ಕದ ಹಳದಿ ಪಟ್ಟಿ ಎರಡೂ ಟ್ರಾಲಿಗೆ ಇರಲಿ. ಒಂದಕ್ಕೆ ಮಾತ್ರ ಇದ್ದರೆ ಅಡ್ಡರಸ್ತೆಯಿಂದ ಬರುವವನು ಮೊದಲನೇದು ಹೋಯ್ತು ಅಂತ ಎರಡನೇದಕ್ಕೆ ನುಗ್ಗುತ್ತಾನೆ. ಕಾರ್ಖಾನೆಯಲ್ಲಿ ಖಾಲಿ ಮಾಡುವಾಗ ಹಲಗೆ ಬಿಚ್ಚಿ ಸೀಟಿನ ಕೆಳಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಬ್ಬಿನ ಜೊತೆ ಅದೂ ಹೋಗುತ್ತದೆ.