ಸುಕಿ ಅಂದರೆ ಇಷ್ಟ, ಐಶಿತೆರು ಅಂದರೆ?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ಜಪಾನಿ ಭಾಷೆಯಲ್ಲಿ ಇಷ್ಟ, ಪ್ರೀತಿ ಹೇಳುವುದು ಹೇಗೆ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಜಪಾನಿ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಹ್ರಸ್ವ ಇದ್ದಲ್ಲಿ ಹ್ರಸ್ವ, ದೀರ್ಘ ಇದ್ದಲ್ಲಿ ದೀರ್ಘ. ಓದುವಾಗ ಎಳೆಯಬೇಡಿ, ಮೊಟಕೂ ಮಾಡಬೇಡಿ. ‘ಕೊಇ’ ಅಂದರೆ ಪ್ರಣಯ, ‘ಕೋಇ’ ಅಂದರೆ ಸದ್ಭಾವನೆ. ಕೊ–ಕೋ ಭೇದ ಹಿಂದಿ ಬರವಣಿಗೆಯಲ್ಲಿ ಸುಲಭಕ್ಕೆ ಸಿಗದು, ನಮಗದು ಒಂದನೇ ಇಯತ್ತೆಯಿಂದಲೇ ಬಂದಿದೆ.

ಪ್ರಶ್ನೆ: ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್5 ಹಂತಕ್ಕೆ ಓದಾಕತ್ತೀನಿ. ‘ನನಗೆ ಒಗ್ಗಾಣಿ ಇಷ್ಟ’ ಅನ್ನೋದನ್ನ ‘ವತಶಿ ನಿ ಒಗ್ಗಾಣಿ ಗ ಸುಕಿ ದೆಸ್’ ಅಂತ ಬರದೆ, ತಪ್ಪಂದ್ರು. ನನ್ನ ಗೆಳತಿ ‘ವತಶಿ ವ ಒಗ್ಗಾಣಿ ಒ ಸುಕಿಮಸ್’ ಅಂತ ಬರದ್ಲು, ಅದೂ ತಪ್ಪಂತ. ಎಲ್ಲಿ ಎಡವಿದ್ವಿ?
— ಪದವಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ನೀವು ಕನ್ನಡದ ದಾರಿಯಲ್ಲಿ ಹೋಗಿ ಕೊನೆಯ ಮೆಟ್ಟಿಲಲ್ಲಿ ಎಡವಿದ್ದೀರಿ. ನಿಮ್ಮ ಗೆಳತಿ ಇಂಗ್ಲಿಷಿನ ದಾರಿ ಹಿಡಿದು ಮೊದಲ ಮೆಟ್ಟಿಲಲ್ಲೇ ಬಿದ್ದಿದ್ದಾರೆ. ಸರಿಯಾದ ವಾಕ್ಯ: ‘ವತಶಿ ವ ಒಗ್ಗಾಣಿ ಗ ಸುಕಿ ದೆಸ್.’

ಸುಕಿ ಕ್ರಿಯಾಪದವಲ್ಲ. ನಮ್ಮ ‘ಇಷ್ಟ’ ಹೇಗೋ ಅದು ಹಾಗೆ. ಹಾಗಾಗಿ ಅದಕ್ಕೆ ‘ಮಸ್’ ಹತ್ತುವುದಿಲ್ಲ, ಇಷ್ಟ ಅನ್ನಲು ‘ಸುಕಿಮಸ್’ ಅಂತ ಹೇಳುವುದಿಲ್ಲ. ಕನ್ನಡದಲ್ಲಿ ‘ನನಗೆ ಒಗ್ಗಾಣಿಯನ್ನು ಇಷ್ಟ’ ಅಂತ ಯಾರೂ ಅನ್ನುವುದಿಲ್ಲ. ಒಗ್ಗಾಣಿ ಅಲ್ಲಿ ಪ್ರಥಮಾ ವಿಭಕ್ತಿಯಲ್ಲಿ ಆರಾಮಾಗಿ ಕೂತಿರುತ್ತದೆ. ಜಪಾನಿಯಲ್ಲೂ ಅಷ್ಟೇ, ಆ ಜಾಗದ ಗುರುತು ‘ಗ’. ‘ಒ’ ನಮ್ಮ ‘ಅನ್ನು’ವಿನ ಜಾಗದ್ದು, ಇಲ್ಲಿ ಅದಕ್ಕೆ ಕೆಲಸವಿಲ್ಲ.

ವ್ಯತ್ಯಾಸ ಇರುವುದು ‘ನನಗೆ’ ಎಂಬಲ್ಲಿ ಮಾತ್ರ. ‘ಗೆ’ ಅಂದರೆ ‘ನಿ’ ಎಂದು ಪಾಠದಲ್ಲಿ ಕಲಿತಿರುತ್ತೀರಿ, ಆದರೆ ಸುಕಿ ಜೊತೆ ‘ನಿ’ ಬರುವುದಿಲ್ಲ. ‘ವತಶಿ ವ’, ಅಂದರೆ ‘ನನ್ನ ಮಟ್ಟಿಗೆ ಹೇಳೋದಾದ್ರೆ’. ತಿಳಿಯುವುದಕ್ಕೆ ಇರುವ ‘ವಕರು’ ಕ್ರಿಯಾಪದದ ಜೊತೆ ‘ವತಶಿ ನಿ ವ’ ಬರಬಹುದು. ಗೊಂದಲ ಶುರುವಾಗುವುದೇ ಅಲ್ಲಿಂದ. ಪರೀಕ್ಷೆಯಲ್ಲಿ ಎರಡಕ್ಕೂ ‘ವ’ ಹಾಕಿದರೆ ಕೈ ಕೊಡದು. ಮಾತಿನಲ್ಲಂತೂ ‘ವತಶಿ ವ’ ಬಿಟ್ಟುಬಿಡಿ, ‘ಒಗ್ಗಾಣಿ ಗ ಸುಕಿ ದೆಸ್’ ಅಂದರೆ ಸಾಕು.

ಈ ಕನ್ನಡದ ಜೋಡಿ ಇನ್ನೂ ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ‘ಸುಕಿ ನ ತಬೆಮೊನೊ’ ಅಂದರೆ ಇಷ್ಟವಾದ ತಿನಿಸು. ಆ ‘ನ’ ನಮ್ಮ ‘ವಾದ’. ‘ಉತಉ ನೊ ಗ ಸುಕಿ ದೆಸ್’ ಅಂದರೆ ಹಾಡುವುದು ಇಷ್ಟ. ಆ ‘ನೊ’ ನಮ್ಮ ‘ವುದು’. ಹೀಗೆ ಕೂಡಿಸಿಕೊಂಡರೆ ಬಾಯಿಪಾಠದ ಗೋಜಿಲ್ಲ.

ಇಷ್ಟವಿಲ್ಲ ಅನ್ನಲು ‘ಸುಕಿ ಜ ಅರಿಮಸೆನ್’, ಇಷ್ಟವಿತ್ತು ಅನ್ನಲು ‘ಸುಕಿ ದೆಶಿತ’. ‘ಸುಕಿನೈ’ ಅನ್ನುವುದು ಹೊಸಬರ ಖಾಯಂ ತಪ್ಪು. ತುಂಬಾ ಇಷ್ಟ ಎನ್ನಲು ‘ದೈಸುಕಿ ದೆಸ್’. ‘ದೈ’ಯಲ್ಲೇ ‘ತುಂಬಾ’ ಬಂದುಹೋಗಿದೆ, ಅದರ ಮುಂದೆ ಮತ್ತೆ ‘ತೊತೆಮೊ’ ಸೇರಿಸಬೇಡಿ. ಒಬ್ಬರ ಮನೆಯಲ್ಲಿ ಉಣ್ಣಲು ಕೂತಾಗ ‘ಸುಕಿ ಜ ಅರಿಮಸೆನ್’ ಅಂದರೆ ಮುಖಕ್ಕೆ ಹೊಡೆದಂತೆ. ‘ಚೊತ್ತೊ ನಿಗತೆ ದೆಸ್’ ಅನ್ನಿ. ‘ನನಗದು ಸ್ವಲ್ಪ ಒಗ್ಗಲ್ರಿ’ ಎಂಬ ನಮ್ಮ ಮಾತಿಗೆ ಸರಿಯಾಗುತ್ತದೆ.

ಉಚ್ಚಾರಣೆಯದ್ದೂ ಒಂದು ಮಾತು. ಬರೆಯುವುದು ಸುಕಿ, ಕಿವಿಗೆ ಬೀಳುವುದು ಹೆಚ್ಚುಕಡಿಮೆ ‘ಸ್ಕಿ’. ಸ ಮತ್ತು ಕ ನಡುವಿನ ಉಕಾರಕ್ಕೆ ಧ್ವನಿ ಇರುವುದಿಲ್ಲ, ಬರೀ ಉಸಿರು. ‘ದೆಸು’ ‘ದೆಸ್’ ಆಗುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಜಪಾನಿ ಕಾರ್ಟೂನು ಧಾರಾವಾಹಿ ನೋಡಿ ‘ಐಶಿತೆರು’ ಕಲಿತೀನಿ. ಪ್ರೀತಿಸಿದ ಹುಡುಗಿಗೆ, ಅವ್ವಗ, ಅಪ್ಪಗ ಎಲ್ಲಾರಿಗೂ ಹಂಗ ಅನ್ನಬಹುದೇನ್ರಿ?
— ಕಾರ್ಖಾನೆ ನೌಕರ, ತೋರಣಗಲ್ಲು

ಉತ್ತರ: ವ್ಯಾಕರಣ ಬೇಡ ಅನ್ನುವುದಿಲ್ಲ, ಆದರೆ ಜಪಾನಿನ ಮಂದಿಯೇ ಎಲ್ಲರಿಗೂ ಹಾಗೆ ಹೇಳುವುದಿಲ್ಲ. ‘ಐ’ ಅಂದರೆ ಪ್ರೀತಿ. ಅದರ ಕ್ರಿಯಾಪದ ‘ಐಸುರು’, ಇದಕ್ಕೆ ‘ಗ’ ಅಲ್ಲ, ‘ಒ’ ಹತ್ತುತ್ತದೆ. ‘ಐಶಿತೆ ಇರು’ ಎಂಬುದು ಮಾತಿನಲ್ಲಿ ಸವೆದು ‘ಐಶಿತೆರು’ ಆಗಿದೆ. ಹರಿದು ಬರುತ್ತಿರುವ, ನಿಂತಿಲ್ಲದ ಸ್ಥಿತಿ ಅದು. ‘ಐಶಿಮಸ್’ ಅಂದರೆ ಪ್ರಮಾಣ ಮಾಡಿದ ಹಾಗೆ ಕೇಳುತ್ತದೆ.

ಇದರ ತೂಕ ಭಾರಿ. ಹಾಡಿನಲ್ಲಿ, ನಾಟಕದಲ್ಲಿ ಧಾರಾಳವಾಗಿ ಬರುತ್ತದೆ. ಬದುಕಿನಲ್ಲಿ ಮದುವೆ ಕೇಳುವಾಗಲೋ, ಬಹಳ ದಿನ ಅಗಲುವಾಗಲೋ ಒಮ್ಮೆ ಬಂದರೆ ಬಂತು. ಪರಿಚಯವಾದ ಒಂದು ತಿಂಗಳಿಗೇ ಅಂದರೆ ಆ ಕಡೆಯವರು ಗಾಬರಿ ಬೀಳುತ್ತಾರೆ. ಹುಡುಗಿಗೆ ‘ಸುಕಿ ದೆಸ್’ ಸಾಕು, ಸಲಿಗೆ ಬೆಳೆದ ಮೇಲೆ ‘ದೈಸುಕಿ ದ ಯೊ’. ಓಸಾಕಾ ಕಡೆಯವರು ‘ಸುಕಿ ಯ ನೆನ್’ ಅನ್ನುತ್ತಾರೆ. ಬೆಂಗಳೂರಿನವರ ‘ಇದೆ’ ಮುಂದೆ ನಮ್ಮ ‘ಐತಿ’ ಇದ್ದ ಹಾಗೆ ಅದು, ಕೇಳಲಿಕ್ಕೆ ಬೆಚ್ಚಗೆ.

ಅವ್ವನ ವಿಷಯಕ್ಕೆ ಬಂದರೆ, ‘ಅವ್ವಾ, ನಾ ನಿನ್ನ ಪ್ರೀತಿಸ್ತೀನಿ’ ಅಂತ ನಾವಾದರೂ ಎಂದು ಅಂದಿದ್ದೇವೆ? ‘ಉಂಡ್ಯೇನಬೆ’ ಅಂತೀವಿ. ಅವರೂ ಅಷ್ಟೇ: ‘ಕರದ ನಿ ಕಿ ಒ ತ್ಸುಕೆತೆ’, ಅಂದರೆ ಮೈ ಹುಷಾರು, ‘ಇತ್ಸುಮೊ ಅರಿಗತೋ’, ಅಂದರೆ ಯಾವತ್ತಿನದಕ್ಕೂ ಉಪಕಾರ. ಅದಕ್ಕೂ ಮುಂದೆ ಹೋಗಬೇಕಿದ್ದರೆ ‘ತೈಸೆತ್ಸು’ ಎಂಬ ಪದವಿದೆ: ಜೋಪಾನ ಮಾಡಬೇಕಾದಷ್ಟು ಅಮೂಲ್ಯ. ನಮ್ಮ ಮಟ್ಟಿಗೆ ಐಶಿತೆರುಗಿಂತ ಇದೇ ದೊಡ್ಡ ಮಾತು. 16ನೇ ಶತಮಾನದಲ್ಲಿ ಅಲ್ಲಿಗೆ ಹೋದ ಜೆಸ್ವಿಟ್ ಪಾದ್ರಿಗಳು ‘ದೇವರ ಪ್ರೀತಿ’ಗೆ ‘ಐ’ ಪದ ಬಳಸದೆ ‘ಗೊತೈಸೆತ್ಸು’ ಎಂದೇ ಬರೆದರು. ಯಾಕೆಂದರೆ ಬೌದ್ಧ ಗ್ರಂಥಗಳಲ್ಲಿ ‘ಐ’ ಎಂದರೆ ನಮ್ಮ ‘ತೃಷ್ಣೆ’: ಬಿಡಬೇಕಾದ ಮೋಹ.

ಇನ್ನೊಂದು, ‘ನೀನು’ ಎನ್ನಲು ‘ಅನತ’ ಬಳಸಬೇಡಿ. ಅದು ಹೆಂಡತಿ ಗಂಡನನ್ನು ಕರೆಯುವ ಮಾತೂ ಹೌದು, ನಮ್ಮ ‘ಏನ್ರೀ’ ಇದ್ದಂತೆ. ಹೆಸರಿಗೆ ‘ಸನ್’ ಸೇರಿಸಿ ಕರೆಯಿರಿ. ನಿಮ್ಮ ಸ್ವಂತ ಹೆಸರಿಗೆ ಮಾತ್ರ ‘ಸನ್’ ಬೇಡ.

ಪ್ರಶ್ನೆ: ಹೋಂಸ್ಟೇಗೆ ಬಂದ ಜಪಾನಿನ ಅತಿಥಿಗಳಿಗೆ ಹೊಳಿ ತೋರಿಸಿ ‘ಕಿರೈ ದೆಸ್ ನೆ’ ಅಂದೆ. ನಕ್ಕರು. ಚೆಂದ ಅನ್ನೋದಕ್ಕ ಅದೇ ಪದ ಅಲ್ಲೇನು?
— ಆನೆಗೊಂದಿ

ಉತ್ತರ: ಚೆಂದಕ್ಕೆ ‘ಕಿರೇ’. ‘ಕಿರೈ’ ಅಂದರೆ ಇಷ್ಟವಿಲ್ಲ, ಕಂಡರಾಗದು. ತುಂಗಭದ್ರೆ ಕಂಡರೆ ನಿಮಗಾಗದು ಅಂದಂತಾಯ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಓದಿ ಕಲಿತವರಿಗೆ ಆಗುವ ಎಡವಟ್ಟು ಇದು. ಕನ್ನಡದಲ್ಲಿ ‘ರೇ’, ‘ರೈ’ ಎಂದು ಬರೆದಿಟ್ಟುಕೊಳ್ಳಿ, ಮತ್ತೆ ತಪ್ಪುವುದಿಲ್ಲ.

ಪ್ರಶ್ನೆ: ನಾವು ಕಟ್ಟಿಗಿ ಗೊಂಬಿ ಮಾಡೋರು. ಜಪಾನಿನವರು ಬಂದಾಗ ಎಲ್ಲಾದಕ್ಕೂ ‘ಕವಯೀ’ ಅಂತಾರ. ಮೆಚ್ಚಿದಂಗೋ, ಆಟಿಗಿ ಅಂತ ಹಗುರ ಮಾಡಿದಂಗೋ? ಕೊಳ್ತಾರಂತ ಹೆಂಗ ಗೊತ್ತಾಗಬೇಕು?
— ಕಿನ್ನಾಳ

ಉತ್ತರ: ಮೆಚ್ಚಿದಂತೆಯೇ. ‘ಕವಯೀ’ ಅಂದರೆ ಮುದ್ದು. ಗಣಪತಿಗೂ ಗಿಳಿಗೂ ಒಂದೇ ಪದ ಬಂದೀತು, ಬೇಸರ ಬೇಡ. ಕೈಕೆಲಸದ ನಾಜೂಕು ಕಂಡು ಬೆರಗಾದಾಗ ‘ಸುಗೊಯ್’ ಅನ್ನುತ್ತಾರೆ. ನೀವೇ ಹೇಳುವುದಿದ್ದರೆ ಕೊನೆಯ ಈಕಾರವನ್ನು ಪೂರ್ತಿ ಎಳೆಯಿರಿ. ‘ಕೊವೈ’ ಅಂದುಬಿಟ್ಟರೆ ‘ಹೆದರಿಕೆ ಆಗುತ್ತೆ’ ಅಂತ ಅರ್ಥ.

ಬರೀ ಕವಯೀ ಅಂದಾಗ ಕಾಗದ ಸುತ್ತಲು ಹೋಗಬೇಡಿ. ಕಾಯಬೇಕಾದ ಮಾತು ‘ಕಿ ನಿ ಇರಿಮಶಿತ’. ‘ಕಿ’ ಮನಸ್ಸು, ‘ನಿ’ ಗೆ, ‘ಇರಿಮಶಿತ’ ಹೊಕ್ಕಿತು: ಮನಸ್ಸಿಗೆ ಹಿಡಿಸಿತು. ನಾವು ‘ಹಿಡಿಸ್ತು’ ಅಂತ ಆಗಿಹೋದ ಕಾಲದಲ್ಲಿ ಹೇಳುವಂತೆ ಅವರೂ ಹೇಳುತ್ತಾರೆ. ಹತ್ತಿರದ್ದೇ ಇನ್ನೊಂದು ‘ಕಿ ನಿ ನರಿಮಸ್’. ಇದು ಇಷ್ಟವಲ್ಲ, ಏನೋ ಮನಸ್ಸಿಗೆ ಕೊರೆಯುತ್ತಿದೆ: ಬಣ್ಣ ಹಾರಿದ್ದೋ, ಬಿರುಕೋ, ಇಲ್ಲ ಬರೀ ಕುತೂಹಲವೋ. ಆಗ ಗೊಂಬೆಯನ್ನು ಅವರ ಕೈಗೆ ಕೊಟ್ಟು ತಿರುಗಿಸಿ ನೋಡಲು ಬಿಡಿ. ‘ಕೊರೆ ನಿ ಶಿಮಸ್’ ಅಂದರೆ ‘ಇದನ್ನೇ ತಗೋತೀನಿ’, ಅಲ್ಲಿಗೆ ವ್ಯಾಪಾರ ಕುದುರಿತು. ‘ಚೊತ್ತೊ ಕಂಗಎಮಸ್’ ಅಂದರೆ ‘ವಿಚಾರ ಮಾಡ್ತೀನಿ’. ಸಂತೆಯಲ್ಲಿ ‘ಒಂದು ಸುತ್ತು ಹಾಕ್ಕೊಂಡು ಬರ್ತೀವಿ’ ಅಂದು ಹೋದವರ ಹಾಗೆ.

ಪ್ರಶ್ನೆ: ಆನ್‌ಲೈನಿನಲ್ಲಿ ಪಾಠ ಮಾಡುವ ಜಪಾನಿ ಮೇಡಂಗೆ ‘ನೀವಂದ್ರೆ ಬಹಳ ಇಷ್ಟ’ ಅಂತ ಬರೆಯಬೇಕು.
— ರಾಯಚೂರು

ಉತ್ತರ: ‘ಸೆನ್ಸೇ ಗ ಸುಕಿ ದೆಸ್’ ಅಂತ ಬರೆದರೆ ಪ್ರೇಮಪತ್ರ ಆದೀತು. ‘ಸೆನ್ಸೇ ನೊ ಜುಗ್ಯೋ ಗ ಸುಕಿ ದೆಸ್’ ಎಂದು ಬರೆಯಿರಿ: ನಿಮ್ಮ ಪಾಠ ಇಷ್ಟ. ಗೌರವಕ್ಕೆ ‘ಸೊಂಕೇ ಶಿತೆ ಇಮಸ್’ ಇದೆ.

ಪ್ರಶ್ನೆ: ಜಪಾನಿನಲ್ಲಿ ಓದಲು ಹೋಗುತ್ತಿದ್ದೇನೆ. ಅಲ್ಲಿ ಪ್ರೀತಿ ಹೇಳಲು ಒಂದು ಕ್ರಮವೇ ಇದೆಯಂತೆ. ಚಾಕಲೇಟಿನ ವಿಷಯವನ್ನೂ ತಿಳಿಸಿ.
— ಸಿಂಧನೂರು

ಉತ್ತರ: ಕ್ರಮದ ಹೆಸರು ‘ಕೊಕುಹಕು’, ಒಪ್ಪಿಸಿ ಹೇಳುವುದು. ಇದಾಗದೆ ಎಷ್ಟು ಸಲ ಜೊತೆಗೆ ಚಹಾ ಕುಡಿದರೂ ಲೆಕ್ಕಕ್ಕಿಲ್ಲ. ಇಬ್ಬರೇ ಎರಡು ಮೂರು ಸಲ ಭೇಟಿಯಾದ ಮೇಲೆ ಹೇಳುವುದು ರೂಢಿ. ವಾಕ್ಯ ಎರಡು, ಎರಡೂ ಬೇಕು.

ಮೊದಲನೆಯದು, ಹೆಸರು ಹಿಡಿದು: ‘… ಸನ್ ನೊ ಕೊತೊ ಗ ಸುಕಿ ದೆಸ್’. ನಡುವಿನ ‘ನೊ ಕೊತೊ’ ಗಮನಿಸಿ. ಮನುಷ್ಯರನ್ನು ಇಷ್ಟಪಡುವಾಗ ಇದು ಸೇರುತ್ತದೆ, ನಿಮ್ಮ ಎಲ್ಲವೂ ಎಂಬ ಧ್ವನಿ ಬರುತ್ತದೆ. ಒಗ್ಗಾಣಿಗೆ ಇದು ಬೇಕಿಲ್ಲ. ಎರಡನೆಯದು: ‘ತ್ಸುಕಿಅತ್ತೆ ಕುದಸೈ’, ನನ್ನ ಜೊತೆಯಾಗಿ. ಮೊದಲನೆಯದನ್ನಷ್ಟೇ ಹೇಳಿದರೆ ಅವರು ‘ಅರಿಗತೋ’ ಅಂದು ಸುಮ್ಮನಾಗಬಹುದು. ಕೇಳಿದ್ದೇ ಇಲ್ಲವಲ್ಲ, ಉತ್ತರ ಏನು ಕೊಟ್ಟಾರು? ಬರೀ ‘ಚೊತ್ತೊ ತ್ಸುಕಿಅತ್ತೆ’ ಅಂದರೂ ಕೆಟ್ಟಿತು, ಅದಕ್ಕೆ ‘ಅಂಗಡಿತನಕ ಜತಿಗೆ ಬಾ’ ಎಂಬಷ್ಟೇ ಅರ್ಥ.

‘ಯೊರೊಶಿಕು ಒನೆಗೈ ಶಿಮಸ್’ ಬಂದರೆ ಒಪ್ಪಿಗೆ. ‘ಗೊಮೆನ್ ನಸೈ’ ಬಂದರೆ ಇಲ್ಲ. ‘ತೊಮೊದಚಿ ನೊ ಮಮ ದೆ’, ಅಂದರೆ ‘ಗೆಳೆಯರಾಗಿಯೇ ಇರೋಣ’, ಇದೂ ಇಲ್ಲವೇ. ‘ಕಂಗಎಸಸೆತೆ ಕುದಸೈ’ ಅಂದರೆ ವಿಚಾರಕ್ಕೆ ಸಮಯ ಕೇಳಿದ್ದಾರೆ, ಮರುದಿನವೇ ನೆನಪಿಸಬೇಡಿ.

ಚಾಕಲೇಟು: ಫೆಬ್ರವರಿ 14ಕ್ಕೆ ಅಲ್ಲಿ ಕೊಡುವವರು ಹೆಣ್ಣುಮಕ್ಕಳು. ಕಚೇರಿ, ತರಗತಿಯಲ್ಲಿ ಎಲ್ಲರಿಗೂ ಒಂದೇ ಥರದ ಸಣ್ಣ ಪೊಟ್ಟಣ ಹಂಚಿದರೆ ಅದು ‘ಗಿರಿ ಚೊಕೊ’. ಗಿರಿ ಅಂದರೆ ಹಂಗು, ಕರ್ತವ್ಯ. ನಮ್ಮ ಮುಯ್ಯಿಯ ಲೆಕ್ಕ. ಒಬ್ಬರಿಗೇ, ಬೇರೆಯಾಗಿ, ಎಷ್ಟೋ ಸಲ ಕೈಯಾರೆ ಮಾಡಿ ಕೊಟ್ಟದ್ದು ‘ಹೊಮ್ಮೇ ಚೊಕೊ’. ಗಿರಿಯನ್ನು ಹೊಮ್ಮೇ ಎಂದು ತಿಳಿದು ಮರುದಿನ ಕೊಕುಹಕುಗೆ ಇಳಿದವರು ನಗೆಪಾಟಲಾಗುತ್ತಾರೆ. ಎರಡರಲ್ಲಿ ಯಾವುದು ಬಂದರೂ ಮಾರ್ಚ್ 14ಕ್ಕೆ, ‘ವೈಟ್ ಡೇ’ ದಿನ, ಗಂಡಸರು ತಿರುಗಿ ಕೊಡಬೇಕು. ಮುಯ್ಯಿ ತೀರಿಸದವನ ಬಗ್ಗೆ ಅಲ್ಲೂ ಒಳ್ಳೆಯ ಮಾತಿಲ್ಲ.

ಪ್ರಶ್ನೆ: ‘ಚಂದಿರ ಚೆಂದ ಕಾಣ್ತಾನೆ’ ಅಂದರೆ ಜಪಾನಿಯಲ್ಲಿ ‘ನಿನ್ನ ಪ್ರೀತಿಸ್ತೀನಿ’ ಅಂತ ಅರ್ಥವಂತೆ, ನಿಜವೇ?
— ಸಿರುಗುಪ್ಪ

ಉತ್ತರ: ‘ತ್ಸುಕಿ ಗ ಕಿರೇ ದೆಸ್ ನೆ.’ ಕಾದಂಬರಿಕಾರ ನತ್ಸುಮೆ ಸೋಸೆಕಿ (1867–1916) ಇಂಗ್ಲಿಷ್ ಪಾಠ ಮಾಡುವಾಗ ‘ಐ ಲವ್ ಯೂ’ ಎಂಬುದನ್ನು ಹೀಗೆ ಅನುವಾದಿಸಿ ಎಂದರು ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ಅವರ ಬರಹಗಳಲ್ಲಿ ಆ ಮಾತು ಇಲ್ಲ. ಆದರೂ ಕಥೆ ಎಷ್ಟು ಹಬ್ಬಿದೆಯೆಂದರೆ ಈಗಿನ ಹುಡುಗರು ಬೇಕಂತಲೇ ಈ ಅರ್ಥದಲ್ಲಿ ಅನ್ನುತ್ತಾರೆ. ನಿಜಕ್ಕೂ ಹುಣ್ಣಿಮೆ ನೋಡಿ ಹಾಗೆ ಅಂದವರಿದ್ದರೆ ಅವರ ಮೇಲೆ ಅನುಮಾನ ಬೇಡ.

ಪ್ರಶ್ನೆ: ಬರೆಯುವಾಗ ಸುಕಿ, ಕೊಇ, ಐ ಮೂರರ ಅಕ್ಷರಗಳು ಕಲಸುತ್ತವೆ.
— ಕುಷ್ಟಗಿ

ಉತ್ತರ: ಗೆರೆ ಎಣಿಸಿ. ಸುಕಿಗೆ 6 ಗೆರೆ: ಎಡಕ್ಕೆ ಹೆಣ್ಣು, ಬಲಕ್ಕೆ ಮಗು. ಕೊಇಗೆ 10, ಐಗೆ 13. ‘ಹೃದಯ’ದ ಚಿಹ್ನೆ ಕೊಇಯಲ್ಲಿ ತಳದಲ್ಲಿದೆ, ಐಯಲ್ಲಿ ನಟ್ಟನಡುವೆ. ತಳದ ಹೃದಯಕ್ಕೆ ‘ಶಿತಗೊಕೊರೊ’ ಎಂದು ಹೆಸರು, ಆ ಪದಕ್ಕೆ ‘ಒಳಗೊಂದು ಲೆಕ್ಕಾಚಾರ’ ಎಂಬ ಅರ್ಥವೂ ಇದೆ. ಕೊಇಯಲ್ಲಿ ಸ್ವಾರ್ಥ ಅಡಿಗಿದೆ ಎಂದು ಜಪಾನಿನವರು ತಮಾಷೆ ಮಾಡುವುದು ಇದರಿಂದಲೇ.

ಪ್ರಶ್ನೆ: ಜಪಾನಿನಲ್ಲಿ ಪ್ರೀತಿಯ ಹೆಸರಿನ ಅಕ್ಕಿ ಇದೆ ಅಂತ ಯಾರೋ ಅಂದ್ರು. ನಮ್ಮದು ಸೋನಾ ಮಸೂರಿ ನಾಡು, ಅದಕ್ಕ ಕೇಳಾಕತ್ತೀನಿ.
— ಭತ್ತದ ರೈತ, ಕಾರಟಗಿ

ಉತ್ತರ: ಇದೆ, ‘ಹಿತೊಮೆಬೊರೆ’. ‘ಹಿತೊಮೆ’ ಅಂದರೆ ಒಂದು ನೋಟ, ‘ಹೊರೆರು’ ಅಂದರೆ ಮನಸೋಲುವುದು. ಎರಡೂ ಸೇರಿದಾಗ ‘ಹೊರೆ’ ‘ಬೊರೆ’ ಆಯಿತು. ನೋಡಿದ ಕೂಡಲೇ ಮನಸೋಲುವುದು. ಯಾರಿಗೆ ಮನಸೋತರೋ ಅವರ ಹೆಸರಿಗೆ ಇಲ್ಲಿ ‘ನಿ’ ಬರುತ್ತದೆ, ‘ಗ’ ಅಲ್ಲ. ಮಿಯಾಗಿ ಪ್ರಾಂತ್ಯದ ಫುರುಕಾವಾ ಕೃಷಿ ಪ್ರಯೋಗ ಕೇಂದ್ರದಲ್ಲಿ ಕೊಶಿಹಿಕರಿ ತಳಿಯನ್ನು ಹತ್ಸುಬೊಶಿ ಜೊತೆ ಕೂಡಿಸಿ ತೆಗೆದದ್ದು ಇದು. ಕಾಳು ಗಿಡ್ಡ, ಅನ್ನ ಅಂಟಂಟು. ಬಿಡಿಬಿಡಿ ಅನ್ನ ಉಂಡು ಬೆಳೆದ ನಿಮಗೆ ಮೊದಲ ತುತ್ತಿಗೇ ‘ಸುಕಿ’ ಆಗುವುದು ಕಷ್ಟ.